ಹಳದಿ ಕಲ್ಲು ಎಲ್ಲಿಗೆ ಹೋಯಿತು? ಒಂದು ಹೊಳೆಯ ಪ್ರಕರಣ ಅಧ್ಯಯನ

ದೇವಸ್ಥಾನದ ಸ್ನಾನಘಟ್ಟದ ಕೊನೆಯ ಮೆಟ್ಟಿಲು ನೆಲಕ್ಕೆ ತಾಗುತ್ತಿರಲಿಲ್ಲ. ಅದರ ಅಡಿಗೆ ಕೈ ಹಾಕಿದರೆ ಭುಜದವರೆಗೆ ಒಳಗೆ ಹೋಗುತ್ತಿತ್ತು. ಮೊದಲು ಈ ಮೆಟ್ಟಿಲು ಮರಳಿನಲ್ಲಿ ಅರ್ಧ ಹೂತಿರುತ್ತಿತ್ತು, ಮಕ್ಕಳು ಇಲ್ಲೇ ಕೂತು ಆಡುತ್ತಿದ್ದರು ಅಂತ ಅರ್ಚಕರು ಹೇಳಿದರು. ಅಲ್ಲಿಂದ ಮುಕ್ಕಾಲು ಕಿಲೋಮೀಟರ್ ಮೇಲೆ ಒಂದು ಕಿಂಡಿ ಅಣೆಕಟ್ಟು ಇದೆ. ಅಲ್ಲಿಯ ದೂರು ಪೂರಾ ಉಲ್ಟಾ. ಜಲ್ಲಿ, ಮರಳು, ಗುಂಡುಕಲ್ಲು ಬಂದು ತುಂಬಿ ನೀರು ನಿಲ್ಲಲು ಜಾಗವೇ ಇಲ್ಲ.

ಒಂದೇ ಹೊಳೆ. ಮೇಲೆ ಕಲ್ಲು ಜಾಸ್ತಿ, ಕೆಳಗೆ ಕಲ್ಲಿಲ್ಲ. ಎರಡೂ ಊರಿನವರು ಅರ್ಜಿ ಕೊಟ್ಟಿದ್ದರು. ಒಂದೇ ಕಚೇರಿಯಲ್ಲಿ ಅವು ಬೇರೆ ಬೇರೆ ಫೈಲಿನಲ್ಲಿದ್ದವು. ಆ ಎರಡು ಅರ್ಜಿ ಒಂದೇ ಸಂಗತಿಯನ್ನು ಹೇಳುತ್ತಿವೆ ಎಂದು ನಮಗೆ ಅರ್ಥವಾಗುವಷ್ಟರಲ್ಲಿ ಮೂರು ಮಳೆಗಾಲ ಕಳೆದಿತ್ತು. ಇನ್ನೊಂದು ಊರಿಗೆ ಅಷ್ಟು ಕಾಲ ಹಿಡಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಊರು, ಹೊಳೆ, ಜನರ ಹೆಸರು ಹೇಳುವುದಿಲ್ಲ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕರಾವಳಿಯ ಕಡೆ, ಘಟ್ಟದ ಬುಡದ ಒಂದು ಹೊಳೆ ಅಂತ ತಿಳಿದರೆ ಸಾಕು. ನಾನು ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡುವವನು. ನನ್ನನ್ನು ಕರೆಸಿದವರು ಹೊಳೆ ಬದಿಯ ಅಡಿಕೆ ತೋಟದ ಹಿರಿಯರು. ಊರಲ್ಲಿ ಎಲ್ಲರೂ ಅವರನ್ನು ಅಣ್ಣ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಹೊಳೆ ಮತ್ತು ಅಣೆಕಟ್ಟು

ಈ ಹೊಳೆ ಘಟ್ಟದಿಂದ ಧುಮುಕಿ, ಬುಡದಲ್ಲಿ ಸ್ವಲ್ಪ ನಿಧಾನವಾಗುವ ಜಾಗದಲ್ಲಿ ಈ ಊರಿದೆ. ನಾವು ಲೆವೆಲ್ ಹಿಡಿದು ಅಳೆದಾಗ ಇಳಿಜಾರು ಕಿಲೋಮೀಟರಿಗೆ ಸುಮಾರು 2 ಮೀಟರ್ ಬಂತು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು. ಜುಲೈಯಲ್ಲಿ ಆಳು ಮುಳುಗಿ ಮೇಲೆ ಇನ್ನೊಂದು ಆಳು. ತಳದಲ್ಲಿ ಬಿಳಿ ಬೆಣಚುಕಲ್ಲು, ಕಪ್ಪು ಗುಂಡುಕಲ್ಲು, ನಡುವೆ ದಪ್ಪ ಮರಳು. ಊರಿನವರು ಅದಕ್ಕೆ ಹೊಯ್ಗೆ ಅನ್ನುತ್ತಾರೆ.

ಹಿಂದೆ ಪ್ರತಿ ವರ್ಷ ಡಿಸೆಂಬರ್ ಹೊತ್ತಿಗೆ ಊರಿನವರೇ ಸೇರಿ ಮಣ್ಣು, ಕಲ್ಲು, ಸೊಪ್ಪು ಹಾಕಿ ಅಡ್ಡಕ್ಕೆ ಕಟ್ಟ ಕಟ್ಟುತ್ತಿದ್ದರು. ಬೇಸಿಗೆಗೆ ತೋಟಕ್ಕೆ ನೀರಾಗುತ್ತಿತ್ತು. ಮೊದಲ ನೆರೆಗೆ ಕಟ್ಟ ಕೊಚ್ಚಿ ಹೋಗುತ್ತಿತ್ತು. ಆಮೇಲೆ ಅದೇ ಜಾಗದಲ್ಲಿ ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಬಂತು. ಕಂಬಗಳ ನಡುವೆ ಕಿಂಡಿ, ಕಿಂಡಿಗೆ ಹಲಗೆ. ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸಬೇಕು, ಮೇ ತಿಂಗಳಲ್ಲಿ ಎತ್ತಬೇಕು. ಒಳ್ಳೆಯ ಯೋಜನೆಯೇ. ಅಂತರ್ಜಲ ಏರಿತು, ಪಂಪ್ ಓಡಿತು, ಜನ ಖುಷಿಯಾದರು.

ಆದರೆ ಎರಡು ವಿಷಯ ಯಾರ ಗಮನಕ್ಕೂ ಬರಲಿಲ್ಲ. ಕಿಂಡಿಗಳ ಅಡಿಯ ಕಾಂಕ್ರೀಟ್ ಹಾಸು ಹೊಳೆಯ ಹಳೆಯ ತಳಕ್ಕಿಂತ ಒಂದೂವರೆ ಅಡಿ ಎತ್ತರದಲ್ಲಿತ್ತು. ಇನ್ನೊಂದು, ಎರಡು ಕಿಂಡಿಯ ಹಲಗೆಗಳು ಉಬ್ಬಿ ಸಿಕ್ಕಿಹಾಕಿಕೊಂಡಿದ್ದವು. ಅವನ್ನು ಎತ್ತುವ ಕೆಲಸ ಯಾರದ್ದು ಎಂಬ ಚರ್ಚೆಯಲ್ಲೇ ವರ್ಷಗಳು ಹೋದವು. ಹಳೆಯ ಕಟ್ಟ ಪ್ರತಿ ಜೂನಿನಲ್ಲಿ ಕಲ್ಲಿಗೆ ದಾರಿ ಬಿಟ್ಟುಕೊಡುತ್ತಿತ್ತು. ಹೊಸದು ನೀರಿಗೆ ಬಿಟ್ಟಿತು, ಕಲ್ಲಿಗೆ ಬಿಡಲಿಲ್ಲ.

ಗೋಡೆ ಕಟ್ಟಿದೆವು

ಅಣೆಕಟ್ಟು ಆಗಿ ನಾಲ್ಕೈದು ಮಳೆ ಕಳೆದ ಮೇಲೆ ಕೆಳಗಡೆ, ಹೊಳೆ ತಿರುಗುವ ಹೊರ ಅಂಚಿನಲ್ಲಿ, ಅಣ್ಣನ ತೋಟದ ದಂಡೆ ಕುಸಿಯತೊಡಗಿತು. ಒಂದು ಮಳೆಗೆ ಒಂದು ಸಾಲು ಅಡಿಕೆ ಮರ. ಎಲ್ಲರಿಗೂ ತೋಚಿದ್ದು ಒಂದೇ, ಕಲ್ಲು ಕಟ್ಟಿ ತಡೆಗೋಡೆ. ನಕ್ಷೆ ನನಗೂ ತೋರಿಸಿದ್ದರು. ಪಾಯ ಡಿಸೆಂಬರಿನ ತಳದಿಂದ ಮೂರೂವರೆ ಅಡಿ ಕೆಳಗೆ ಹೋಗಿತ್ತು. ಸಾಕು ಅಂದೆ. ಆ ಮಾತು ನನ್ನದೇ, ಅದನ್ನು ಇಲ್ಲಿ ಬರೆಯಲೇಬೇಕು.

ಮೊದಲ ಮಳೆಗೆ ಗೋಡೆ ನಿಂತಿತು. ಎರಡನೆಯದಕ್ಕೆ, ಜುಲೈ ಕೊನೆಯ ಒಂದು ರಾತ್ರಿ, ಮಧ್ಯದ ಭಾಗ ಹೊಳೆಯ ಕಡೆಗೆ ಒರಗಿ ಮಗುಚಿತು. ಬೆಳಿಗ್ಗೆ ಅಣ್ಣ ಫೋನ್ ಮಾಡಿ, "ಗೋಡೆ ಒಡೆಯಲಿಲ್ಲ ಮೇಷ್ಟ್ರೇ, ಇಡಿಯಾಗಿ ಮಲಗಿತು" ಅಂದರು. ಆ ಮಾತಿನಲ್ಲೇ ಸುಳಿವಿತ್ತು. ನೀರು ಎದುರಿನಿಂದ ತಳ್ಳಿದ್ದರೆ ಗೋಡೆ ಒಡೆಯುತ್ತಿತ್ತು, ಇಲ್ಲವೇ ತೋಟದ ಕಡೆಗೆ ವಾಲುತ್ತಿತ್ತು. ಹೊಳೆಯ ಕಡೆಗೆ ಮಲಗಿದೆ ಎಂದರೆ ಅದರ ಕಾಲ ಅಡಿಯ ನೆಲವೇ ಹೋಗಿರಬೇಕು. ಡಿಸೆಂಬರಿನಲ್ಲಿ ಹೋಗಿ ನೋಡಿದೆ. ತಳ ಮೊದಲಿದ್ದ ಮಟ್ಟದಲ್ಲೇ ಇತ್ತು! ಪಾಯದ ಪಕ್ಕ ಜಲ್ಲಿ ತುಂಬಿ ಸಪಾಟಾಗಿತ್ತು. ಕೆಲಸ ಮಾಡಿದವರು ಪಾಯದಲ್ಲಿ ಸಿಮೆಂಟ್ ಕಡಿಮೆ ಹಾಕಿದ್ದಾರೆ ಎಂದು ಊರಲ್ಲಿ ಮಾತು ಎದ್ದಿತು. ನಾನೂ ಅದನ್ನು ಅರ್ಧ ನಂಬಿದೆ. ಆ ಮೇಸ್ತ್ರಿಯ ತಪ್ಪು ಏನೂ ಇರಲಿಲ್ಲ ಎಂಬುದು ಗೊತ್ತಾಗಲು ಇನ್ನೂ ಎರಡು ವರ್ಷ ಬೇಕಾಯಿತು.

ಹೂಳು ಎಂಬ ಮಾತು

ಅದೇ ಬೇಸಿಗೆಯಲ್ಲಿ ಅಣೆಕಟ್ಟಿನ ಮೇಲುಗಡೆ "ಹೂಳೆತ್ತುವ" ಕೆಲಸಕ್ಕೆ ಮಂಜೂರಾತಿ ಬಂತು. ಜೆಸಿಬಿ ಇಳಿಯಿತು. ಎರಡು ವಾರ ಟಿಪ್ಪರ್‌ಗಳು ಓಡಿದವು. ಎತ್ತಿದ ಜಲ್ಲಿ ರಸ್ತೆ ಕೆಲಸಕ್ಕೆ ಹೋಯಿತು.

ಈ "ಹೂಳು" ಎಂಬ ಶಬ್ದದ ಬಗ್ಗೆ ಸ್ವಲ್ಪ ಹೇಳಬೇಕು. ಕೆರೆಯ ಹೂಳು ನಿಜಕ್ಕೂ ಹೂಳು. ಅದು ಪ್ರಯಾಣ ಮುಗಿಸಿ ಕೂತ ಮಣ್ಣು. ತೆಗೆದು ಗದ್ದೆಗೆ ಹಾಕಿದರೆ ಕೆರೆಗೂ ಒಳ್ಳೆಯದು, ಗದ್ದೆಗೂ ಒಳ್ಳೆಯದು. ಹೊಳೆಯ ಜಲ್ಲಿ ಹಾಗಲ್ಲ. ಅದು ಬಸ್ ಸ್ಟ್ಯಾಂಡಿನಲ್ಲಿ ಕಾದು ಕೂತ ಪ್ರಯಾಣಿಕನ ಹಾಗೆ, ಮುಂದಿನ ನೆರೆ ಬಂದರೆ ಹತ್ತಿ ಹೋಗುವಂಥದ್ದು. ಎರಡಕ್ಕೂ ನಾವು ಒಂದೇ ಹೆಸರಿಟ್ಟಿದ್ದೇವೆ. ಹೂಳು ಅಂದ ಕೂಡಲೇ ಅದು ಕಸ ಎಂದಾಗುತ್ತದೆ. ಕಸವನ್ನು ಎಲ್ಲಿಗೆ ಬೇಕಾದರೂ ಸಾಗಿಸಬಹುದು, ಅಲ್ವಾ? ಈ ಪ್ರಕರಣದ ಅರ್ಧ ತಪ್ಪು ಈ ಒಂದು ಶಬ್ದದಿಂದಲೇ ಆಯಿತು ಎಂದು ನನಗೆ ಈಗಲೂ ಅನಿಸುತ್ತದೆ.

ಜೆಸಿಬಿ ತೆಗೆದ ಹೊಂಡ ಆಳವಾಗಿತ್ತು. ಮಳೆಗಾಲದಲ್ಲಿ ಮೇಲಿನಿಂದ ಬಂದ ನೀರು ಆ ಹೊಂಡದ ಅಂಚಿನಲ್ಲಿ ಚಿಕ್ಕ ಅಬ್ಬಿಯ ಹಾಗೆ ಧುಮುಕಿತು. ಧುಮುಕುವ ಜಾಗದಲ್ಲಿ ಇಳಿಜಾರು ಜಾಸ್ತಿ, ಅಲ್ಲಿ ನೆಲ ಕೊರೆಯುತ್ತದೆ. ಅಂಚು ಹಿಂದಕ್ಕೆ ಸರಿಯುತ್ತದೆ. ಸರಿದ ಅಂಚಿನಲ್ಲಿ ಮತ್ತೆ ಧುಮುಕುತ್ತದೆ. ಹೀಗೆ ಕೊರೆತ ಮೇಲುಹೊಳೆಯ ಕಡೆಗೆ ಹತ್ತಿಕೊಂಡು ಹೋಗುತ್ತದೆ. ತುಂಬ ಜನರಿಗೆ ಇದು ನಂಬಲು ಕಷ್ಟ. ನೀರು ಕೆಳಗೆ ಹರಿಯುತ್ತದೆ, ಹಾನಿ ಮೇಲೆ ಹೇಗೆ ಹೋಗುತ್ತದೆ ಅಂತ ಕೇಳುತ್ತಾರೆ. ಇಲ್ಲಿ ಹೋಯಿತು. ಹೊಂಡದಿಂದ ಸುಮಾರು ಇನ್ನೂರು ಮೀಟರ್ ಮೇಲಿದ್ದ ಸೇತುವೆಯ ಒಂದು ಕಂಬದ ಬುಡ ಆ ಡಿಸೆಂಬರಿನಲ್ಲಿ ಬತ್ತಲಾಗಿತ್ತು. ಶಾಲೆಯ ಬಸ್ಸು ಹೋಗುವ ಸೇತುವೆ ಅದು.

ಹೊಂಡ ಮಾತ್ರ ಪೂರ್ತಿ ತುಂಬಿತ್ತು. ಮೇಲಿನಿಂದ ಬಂದ ಕಲ್ಲನ್ನೆಲ್ಲ ಅದು ನುಂಗಿತ್ತು. ಕೆಳಗಿನ ಊರಿಗೆ ಆ ವರ್ಷ ಏನೂ ದಾಟಲಿಲ್ಲ. ಸ್ನಾನಘಟ್ಟದ ಇನ್ನೊಂದು ಮೆಟ್ಟಿಲು ತೂಗಾಡಿತು.

ಬಿದಿರಿನಲ್ಲಿ ಕೇಳಿದ ಸದ್ದು

ತಿರುವು ಬಂದದ್ದು ಕಚೇರಿಯಲ್ಲಲ್ಲ, ದೋಣಿಯಲ್ಲಿ. ಕೆಳಗಿನ ಊರಿನಲ್ಲಿ ಹಿಂದೆ ದೋಣಿ ದಾಟಿಸುತ್ತಿದ್ದ ಅಜ್ಜ ಒಬ್ಬರು ಇದ್ದಾರೆ. ನೆರೆ ಸ್ವಲ್ಪ ಇಳಿದ ಒಂದು ಮಧ್ಯಾಹ್ನ ದಂಡೆಗೆ ಕಟ್ಟಿದ್ದ ದೋಣಿಯಲ್ಲಿ ನನ್ನನ್ನು ಕೂರಿಸಿದರು. ಜಲ್ಲೆಯ ತುದಿಯನ್ನು ಹೊಳೆಯ ತಳಕ್ಕೆ ಊರಿ, ಮೇಲಿನ ತುದಿಗೆ ಕಿವಿ ಇಡಲು ಹೇಳಿದರು. ಒದ್ದೆ ಬಿದಿರು ಕಿವಿಗೆ ತಣ್ಣಗೆ ಹತ್ತಿತು. ಒಳಗೆ ಟಕ್, ಟಕ್ ಟಕ್, ಆಮೇಲೆ ಒಂದು ದೊಡ್ಡ ಗುಡುಗು, ಮತ್ತೆ ಟಕ್. ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ.

"ಕಲ್ಲು ಹೋಗ್ತಾ ಉಂಟು ಮೇಷ್ಟ್ರೇ, ಕೇಳಿತಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮೊದಲೆಲ್ಲ ಇದರ ಮೂರು ಪಾಲು ಕೇಳ್ತಿತ್ತು. ಈಗ ಹೋಗುವುದು ಇಲ್ಲಿಯದ್ದೇ ಕಲ್ಲು. ಮೇಲಿನಿಂದ ಬರುವುದು ಇಲ್ಲ" ಅಂದರು.

ನಾನು ಪಾಠ ಮಾಡುವ ವಿಷಯವನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು. ನೆರೆಯಲ್ಲಿ ಕಾಣುವ ಕೆಂಪು ನೀರು ಒಂದು ಸಾಗಾಟ. ಅದು ಸಣ್ಣ ಮಣ್ಣು, ನೀರಿನ ಜೊತೆ ತೇಲಿಕೊಂಡು ಹೋಗುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ಸಾಗಾಟ ತಳದಲ್ಲಿ ನಡೆಯುತ್ತದೆ. ಗುಂಡುಕಲ್ಲು ಉರುಳುತ್ತದೆ, ಚಪ್ಪಟೆ ಕಲ್ಲು ಜಾರುತ್ತದೆ, ಮರಳಿನ ಕಾಳು ಕುಪ್ಪಳಿಸುತ್ತದೆ. ಕಲ್ಲು ಕಲ್ಲಿಗೆ ಬಡಿದ ಸದ್ದೇ ಜಲ್ಲೆಯಲ್ಲಿ ಕೇಳಿದ್ದು. ಈಗ ಇದೇ ಕೆಲಸಕ್ಕೆ ನೀರಿನೊಳಗಿನ ಮೈಕ್ ಇಡುವವರಿದ್ದಾರೆ.

ಯಾವ ನೀರಿಗೆ ಯಾವ ಕಲ್ಲು ಕದಲುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ. ಆಲ್ಬರ್ಟ್ ಶೀಲ್ಡ್ಸ್ ಎಂಬ ಅಮೆರಿಕದ ಎಂಜಿನಿಯರ್ 1936ರಲ್ಲಿ ಬರ್ಲಿನ್‌ನಲ್ಲಿ ಪ್ರಯೋಗ ಮಾಡಿ ಹೇಳಿದ್ದು. ನೀರು ತಳವನ್ನು ಎಳೆಯುವ ಬಲ ನೀರಿನ ಆಳ ಮತ್ತು ಇಳಿಜಾರು, ಇವೆರಡರ ಗುಣಾಕಾರದಿಂದ ಬರುತ್ತದೆ. ನಮ್ಮ ಹೊಳೆಯ ಇಳಿಜಾರಿಗೆ 2 ಮೀಟರ್ ನೀರಿದ್ದರೆ, ಒಂದು ಚದರ ಮೀಟರ್ ತಳದ ಮೇಲೆ ಸುಮಾರು 4 ಕಿಲೋ ತೂಕದಷ್ಟು ಎಳೆತ. ಕಲ್ಲಿಗೆ ಹೋಲಿಸಿದರೆ ಹೀಗೆ ಬರುತ್ತದೆ. 1 ಮೀಟರ್ ನೀರಿಗೆ ಸುಲಿದ ಅಡಿಕೆಯಷ್ಟು ದಪ್ಪದ ಕಲ್ಲು ಕದಲುತ್ತದೆ. 2 ಮೀಟರಿಗೆ 5 ಸೆಂಟಿಮೀಟರಿನ ದೊಡ್ಡ ನಿಂಬೆ. 3 ಮೀಟರ್ ಆದರೆ 8 ಸೆಂಟಿಮೀಟರ್, ಒಂದು ಮುಷ್ಟಿ. ಇದು ಅಂದಾಜು ಲೆಕ್ಕ. ಹೊಳೆಯಲ್ಲಿ ದೊಡ್ಡ ಕಲ್ಲಿನ ಮರೆಯಲ್ಲಿ ಸಣ್ಣದು ಅಡಗಿ ಕೂತಿರುತ್ತದೆ, ಹಾಗಾಗಿ ಹೆಚ್ಚುಕಮ್ಮಿ ಆಗುತ್ತದೆ.

ಹೊಳೆಯ ಮೇಲ್ಪದರವನ್ನು ಒಮ್ಮೆ ಕೂತು ನೋಡಿ. ಚಪ್ಪಟೆ ಕಲ್ಲುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಒರಗಿರುತ್ತವೆ. ಪ್ರತಿ ಕಲ್ಲಿನ ಬಾಲ ಮೇಲುಹೊಳೆಯ ಕಡೆ ಹೂತಿರುತ್ತದೆ, ತಲೆ ಕೆಳಹೊಳೆಯ ಕಡೆ ಎದ್ದು ಮುಂದಿನ ಕಲ್ಲಿಗೆ ಆತುಕೊಂಡಿರುತ್ತದೆ. ನೀರೇ ಜೋಡಿಸಿದ ಜೋಡಣೆ ಅದು. ದಪ್ಪ ಕಲ್ಲಿನ ಈ ಹೊದಿಕೆಯ ಕೆಳಗೆ ಸಣ್ಣ ಜಲ್ಲಿ, ಮರಳು ಸುರಕ್ಷಿತವಾಗಿರುತ್ತದೆ. ಜೆಸಿಬಿಯ ಬಕೆಟ್ ಮೊದಲು ಹರಿಯುವುದು ಈ ಹೊದಿಕೆಯನ್ನೇ. ಆಮೇಲೆ ಸಣ್ಣ ನೆರೆಗೂ ಒಳಗಿನದ್ದು ಎದ್ದು ಹೋಗುತ್ತದೆ.

ಬಣ್ಣ ಮತ್ತು ಸರಪಳಿ

ಅಜ್ಜನ ಮಾತು ನಿಜ ಅಂತ ನನಗೆ ಅನಿಸಿತು. ಆದರೆ ಸಭೆಯಲ್ಲಿ ಅನಿಸಿಕೆ ನಡೆಯುವುದಿಲ್ಲ, ತೋರಿಸಬೇಕು. ದುಡ್ಡಿಲ್ಲದವರು ಮಾಡಬಹುದಾದ ಎರಡು ಕೆಲಸ ಮಾಡಿದೆವು. ಎರಡೂ ಹಳೆಯ ಉಪಾಯಗಳೇ, ಬೇರೆ ದೇಶಗಳಲ್ಲೂ ಹೊಳೆ ಅಧ್ಯಯನ ಮಾಡುವವರು ಬಳಸುತ್ತಾ ಬಂದದ್ದು.

ಮೊದಲನೆಯದು ಬಣ್ಣದ ಕಲ್ಲು. ಮೇ ತಿಂಗಳಲ್ಲಿ ಕಾಲೇಜಿನ ಹುಡುಗರು ಹೊಳೆಯದ್ದೇ ಕಲ್ಲು ಆರಿಸಿ, ತೊಳೆದು, ಒಣಗಿಸಿ, ಎನಾಮೆಲ್ ಪೇಂಟ್ ಬಳಿದರು. ಮೂರು ಗಾತ್ರ: ಅಡಿಕೆ, ನಿಂಬೆ, ಮುಷ್ಟಿ. ಅಣೆಕಟ್ಟಿನ ಮೇಲೆ ಇಟ್ಟದ್ದು ಹಳದಿ, ಕೆಳಗೆ ಇಟ್ಟದ್ದು ಕೆಂಪು. ಒಂದೊಂದು ಬಣ್ಣದ್ದು ನೂರಿಪ್ಪತ್ತು. ಹೊಳೆಗೆ ಅಡ್ಡಲಾಗಿ ಸಾಲು ಜೋಡಿಸಿ, ಸುಮ್ನೆ ಮೇಲೆ ಇಡದೆ ಪಕ್ಕದ ಕಲ್ಲುಗಳ ನಡುವೆ ಕೂರಿಸಿದೆವು.

ಎರಡನೆಯದು ಸರಪಳಿ. ಮಲಗಿದ ಗೋಡೆಯ ಹತ್ತಿರ ಒಂದು ಕಬ್ಬಿಣದ ಪೈಪನ್ನು ತಳಕ್ಕೆ ಬಡಿದು, ಅದರೊಳಗೆ ತುದಿಗೆ ಭಾರ ಕಟ್ಟಿದ ಸರಪಳಿ ಇಳಿಸಿ, ಪೈಪ್ ಎಳೆದೆವು. ಸರಪಳಿ ನೆಲದೊಳಗೆ ನೆಟ್ಟಗೆ ನಿಂತಿತು. ಮೇಲಿನ ತುದಿ ತಳದ ಮಟ್ಟಕ್ಕಿತ್ತು.

ಡಿಸೆಂಬರಿನಲ್ಲಿ ನೀರು ತಿಳಿಯಾದ ಮೇಲೆ ಹುಡುಕಲು ಇಳಿದೆವು. ಮೂರು ದಿನ. ಅರ್ಧಕ್ಕಿಂತ ಕಡಿಮೆ ಕಲ್ಲು ಸಿಕ್ಕಿತು. ಉಳಿದವು ಹೂತು ಹೋಗಿದ್ದವು. ಸಿಕ್ಕ ಹಳದಿಯಲ್ಲಿ ಹೆಚ್ಚಿನವು ಕಿಂಡಿಗಳ ಹಾಸಿನ ಹಿಂದೆ ಬಂದು ನಿಂತಿದ್ದವು. ಕೆಲವಕ್ಕೆ ಸ್ವಲ್ಪ ಅಗೆಯಬೇಕಾಯಿತು. ಅಣೆಕಟ್ಟು ದಾಟಿ ಕೆಳಗೆ ಸಿಕ್ಕಿದ್ದು ಮೂರೇ ಮೂರು ಹಳದಿ ಕಲ್ಲು, ಮೂರೂ ಅಡಿಕೆ ಗಾತ್ರದವು. ಕೆಂಪು ಕಲ್ಲಿನ ಕಥೆ ಬೇರೆ. ಅಡಿಕೆ, ನಿಂಬೆ ಗಾತ್ರದ ಒಂದೂ ಇಟ್ಟ ಜಾಗದಲ್ಲಿ ಇರಲಿಲ್ಲ. ಕೆಲವು ಸ್ನಾನಘಟ್ಟದ ಹತ್ತಿರ ಸಿಕ್ಕಿದವು, ಒಂದೆರಡು ಅದರಿಂದಲೂ ಕೆಳಗೆ. ಮುಷ್ಟಿ ಗಾತ್ರದವು ಸ್ವಲ್ಪ ದೂರ ಹೋಗಿ ನಿಂತಿದ್ದವು. ಅಜ್ಜ ಹೇಳಿದ್ದು ಅಕ್ಷರಶಃ ಸರಿ. ಕೆಳಗಿನದ್ದು ಹೋಗುತ್ತಿದೆ, ಮೇಲಿನದ್ದು ಬರುತ್ತಿಲ್ಲ.

ಕಲ್ಲುಗಳ ನಡಿಗೆಯಲ್ಲಿ ಇನ್ನೊಂದು ಸಂಗತಿ ಕಂಡಿತು. ಒಂದೇ ಗಾತ್ರದ, ಅಕ್ಕಪಕ್ಕ ಇಟ್ಟ ಎರಡು ಕಲ್ಲಿನಲ್ಲಿ ಒಂದು ಇಪ್ಪತ್ತು ಹೆಜ್ಜೆ ಹೋಗಿತ್ತು, ಇನ್ನೊಂದು ನಾನೂರು. ಕಲ್ಲು ಒಂದೇ ಸಮ ಉರುಳುವುದಿಲ್ಲ. ಒಂದಷ್ಟು ಹೋಗುತ್ತದೆ, ಕೂರುತ್ತದೆ, ಬಹಳ ಕಾಲ ಕೂರುತ್ತದೆ, ಮತ್ತೆ ಏಳುತ್ತದೆ. ಯಾವಾಗ ಏಳುತ್ತದೆ ಎಂಬುದು ಸಂಭವದ ಲೆಕ್ಕ. ಇದನ್ನು 1937ರಲ್ಲಿ ಜ್ಯೂರಿಕ್‌ನಲ್ಲಿ ಲೆಕ್ಕಕ್ಕೆ ತಂದವರು ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್, ನಮಗೆಲ್ಲ ಗೊತ್ತಿರುವ ಐನ್‌ಸ್ಟೈನ್ ಅವರ ಮಗ. ಅಪ್ಪ 1926ರಲ್ಲಿ ಹೊಳೆ ಯಾಕೆ ಬಳುಕುತ್ತದೆ ಎಂಬುದನ್ನು ಚಹಾ ಲೋಟದ ತಳದಲ್ಲಿ ನಡುವಿಗೆ ಬಂದು ಸೇರುವ ಎಲೆಗಳಿಂದ ವಿವರಿಸಿದ್ದರು. ತಿರುವಿನಲ್ಲಿ ಮೇಲಿನ ನೀರು ಹೊರ ಅಂಚಿಗೆ, ತಳದ ನೀರು ಒಳ ಅಂಚಿಗೆ. ಅಣ್ಣನ ತೋಟ ಕುಸಿಯುವ ಎದುರಿಗೇ ಜಲ್ಲಿ ದಿಣ್ಣೆ ಬೆಳೆಯುವುದು ಇದಕ್ಕೇ.

ಆದರೆ ನನ್ನನ್ನು ಅಲ್ಲಾಡಿಸಿದ್ದು ಸರಪಳಿ. ತಳ ನೋಡಲು ಮೊದಲಿನ ಹಾಗೇ ಸಪಾಟು. ಸರಪಳಿಯ ತುದಿ ಕಾಣಲಿಲ್ಲ. ಅಗೆಯಲು ಶುರು ಮಾಡಿದೆವು. ಎರಡು ಅಡಿ, ಇಲ್ಲ. ಮೂರು, ಇಲ್ಲ. ನೀರು ಒಸರುತ್ತಿತ್ತು, ಬಕೆಟಿನಲ್ಲಿ ಎತ್ತಿ ಹಾಕುತ್ತಿದ್ದೆವು. ಐದು ಅಡಿ ದಾಟಿದ ಮೇಲೆ ಹುಡುಗನೊಬ್ಬನ ಕೈಗೆ ಕಬ್ಬಿಣ ತಾಗಿತು. ಸರಪಳಿ ಅಲ್ಲಿ ಮೊಣಕೈಯಂತೆ ಮಡಚಿ, ಕೆಳಹೊಳೆಯ ಕಡೆಗೆ ಅಡ್ಡ ಮಲಗಿತ್ತು. ಅದರ ಕೆಳಗಿನ ಭಾಗ ಮಾತ್ರ ಇನ್ನೂ ನೆಟ್ಟಗಿತ್ತು.

ಇದರ ಅರ್ಥ ಸರಳ. ನೆರೆ ಏರಿದಾಗ ಆ ಜಾಗದಲ್ಲಿ ತಳ ಐದು ಅಡಿಗಿಂತ ಜಾಸ್ತಿ ಕೊರೆದು ಹೋಗಿತ್ತು. ಆಗ ಬಿಡುಗಡೆಯಾದ ಸರಪಳಿ ಮಲಗಿತು. ನೆರೆ ಇಳಿಯುವಾಗ ಬೇರೆ ಜಲ್ಲಿ ಬಂದು ಅದರ ಮೇಲೆ ತುಂಬಿತು. ನಾವು ಡಿಸೆಂಬರಿನಲ್ಲಿ ಕಂಡದ್ದು ಹೊಸದಾಗಿ ಹಾಸಿದ ತಳ. ಗೋಡೆಯ ಪಾಯ ಇದ್ದದ್ದು ಮೂರೂವರೆ ಅಡಿಗೆ. ಜುಲೈಯ ಆ ರಾತ್ರಿ ಅದರ ಅಡಿಯಲ್ಲಿ ನೀರೇ ಇತ್ತು. ಗೋಡೆ ಕಟ್ಟಿದ ಮೇಸ್ತ್ರಿಯ ಮನೆಗೆ ಹೋಗಿ ಹೇಳಿ ಬಂದೆ. ಅವರು ಏನೂ ಮಾತಾಡಲಿಲ್ಲ, ಕಾಫಿ ಕೊಟ್ಟರು.

ಸಭೆ

ಎರಡೂ ಊರಿನವರನ್ನು ಒಟ್ಟಿಗೆ ಕೂರಿಸಿದ್ದು ಇದೇ ಮೊದಲು. ಸರಪಳಿಯನ್ನೂ ಬಣ್ಣದ ಕಲ್ಲುಗಳನ್ನೂ ಮೇಜಿನ ಮೇಲೆ ಇಟ್ಟೆವು. ಮೂರು ಹಳದಿ ಕಲ್ಲು ಒಂದು ಕಡೆ, ಅಣೆಕಟ್ಟಿನ ಹಿಂದೆ ಸಿಕ್ಕ ರಾಶಿ ಇನ್ನೊಂದು ಕಡೆ. ನಕ್ಷೆ, ಲೆಕ್ಕ ಯಾವುದೂ ಬೇಕಾಗಲಿಲ್ಲ.

ಕೆಳಗಿನ ಊರಿನ ಕೆಲವರು ಅಣೆಕಟ್ಟು ಒಡೆಯಿರಿ ಅಂದರು. ಮೇಲಿನವರ ತೋಟಕ್ಕೆ ಬೇಸಿಗೆಯ ನೀರು ಅದೊಂದೇ. ಒಡೆಯುವುದು ಯಾರಿಗೂ ನಿಜವಾಗಿ ಬೇಕಿರಲಿಲ್ಲ. ಹಾಗಾದರೆ ಪ್ರಶ್ನೆ ಇಷ್ಟೇ ಆಯಿತು: ಅಣೆಕಟ್ಟನ್ನು ಇಟ್ಟುಕೊಂಡು ಕಲ್ಲನ್ನು ದಾಟಿಸುವುದು ಹೇಗೆ?

ಒಪ್ಪಿಕೊಂಡದ್ದು ಇದು. ಎಲ್ಲ ಕಿಂಡಿಗಳ ಹಲಗೆ ಮೇ ಮಧ್ಯದೊಳಗೆ ಎತ್ತಬೇಕು, ಸಿಕ್ಕಿಹಾಕಿಕೊಂಡ ಎರಡೂ ಸೇರಿ. ನಡುವಿನ ಎರಡು ಕಿಂಡಿಗಳ ಹಾಸನ್ನು ಹಳೆಯ ತಳದ ಮಟ್ಟಕ್ಕೆ ಇಳಿಸಲು ಕಚೇರಿಗೆ ಕೇಳಬೇಕು. ಮೇಲುಗಡೆ ತುಂಬಿದ ಜಲ್ಲಿಯನ್ನು ತೆಗೆಯಬಹುದು, ಆದರೆ ತೆಳ್ಳಗೆ ಕೆರೆದು ತೆಗೆಯಬೇಕು, ಹೊಂಡ ಮಾಡಬಾರದು. ತೆಗೆದದ್ದು ಹೊಳೆ ಬಿಟ್ಟು ಹೋಗಬಾರದು, ಅಣೆಕಟ್ಟಿನ ಕೆಳಗೆ ಹಾಕಬೇಕು. ಗೋಡೆಯನ್ನು ಮತ್ತೆ ಕಟ್ಟುವುದಿಲ್ಲ. ಅಣ್ಣ ಹೊಳೆ ಬದಿಯ ಒಂದು ಪಟ್ಟಿ ಜಾಗ ಬಿಟ್ಟುಕೊಟ್ಟು ಅಲ್ಲಿ ಬಿದಿರು, ಕೇದಗೆ ಹಾಕುತ್ತಾರೆ. ಈ ಕೊನೆಯದಕ್ಕೆ ಅಣ್ಣ ಒಪ್ಪಲು ತಡ ಮಾಡಿದರು. ಆ ಪಟ್ಟಿಯಲ್ಲಿ ಅವರ ಅಪ್ಪ ನೆಟ್ಟ ಮರಗಳಿದ್ದವು. ಆ ತಡ ನ್ಯಾಯವಾದದ್ದೇ.

ಜಾಸ್ತಿ ಗಲಾಟೆ ಆದದ್ದು ಕಲ್ಲಿನ ಬಗ್ಗೆ. "ಲೋಡಿಗೆ ಇಷ್ಟು ಅಂತ ಕಾಸು ಬರುವ ಕಲ್ಲನ್ನು ಪುನಃ ಹೊಳೆಗೆ ಹಾಕುವುದಾ ಮಾರಾಯ್ರೇ?" ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಆಗ ರೈನ್ ನದಿಯ ಸಂಗತಿ ಹೇಳಿದೆ. ಜರ್ಮನಿ-ಫ್ರಾನ್ಸ್ ಗಡಿಯಲ್ಲಿ ಇಫೆಟ್ಸ್‌ಹೈಮ್ ಎಂಬಲ್ಲಿ 1977ರಲ್ಲಿ ಅಣೆಕಟ್ಟು ಮುಗಿಯಿತು. ಅದು ಆ ಭಾಗದ ಸಾಲು ಅಣೆಕಟ್ಟುಗಳಲ್ಲಿ ಕೊನೆಯದು. ಅದರ ಕೆಳಗೆ ತಳ ಕೊರೆಯುವುದನ್ನು ತಡೆಯಲು ಇನ್ನೊಂದು ಅಣೆಕಟ್ಟು ಕಟ್ಟಬೇಕೆಂದಿದ್ದರು. ಅದರ ಕೆಳಗೆ ಮತ್ತೆ ಅದೇ ಕಥೆಯಾಗುತ್ತಿತ್ತು. ಅದನ್ನು ಬಿಟ್ಟು, 1978ರಿಂದ ದೊಡ್ಡ ದೋಣಿಗಳಲ್ಲಿ ಜಲ್ಲಿ ತಂದು ನದಿಗೆ ಸುರಿಯುತ್ತಾ ಬಂದಿದ್ದಾರೆ, ವರ್ಷ ವರ್ಷವೂ. ಲಕ್ಷಗಟ್ಟಲೆ ಘನ ಮೀಟರ್, ದುಡ್ಡು ಕೊಟ್ಟು. ನಮಗೆ ಕಲ್ಲು ಕೊಳ್ಳುವ ಖರ್ಚೂ ಇಲ್ಲ, ಅಣೆಕಟ್ಟಿನ ಈಚೆಯಿಂದ ಆಚೆಗೆ ಹಾಕುವುದಷ್ಟೇ. ಕಾನೂನಿನ ಮಾತೂ ಬಂತು. ಸಣ್ಣ ಪ್ರಮಾಣದ ಮರಳು, ಜಲ್ಲಿ ಗಣಿಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲೇ ಹೇಳಿದೆ. ಹೂಳೆತ್ತುವ ಹೆಸರಿನಲ್ಲಿ ಮಾರಾಟ ಮಾಡಿದರೆ ನಾಳೆ ಉತ್ತರ ಕೊಡಬೇಕಾದವರು ಯಾರು ಎಂದು ಪಂಚಾಯಿತಿಯವರೇ ಕೇಳಿದರು. ಆ ಪ್ರಶ್ನೆ ನನ್ನ ರೈನ್ ಕಥೆಗಿಂತ ಹೆಚ್ಚು ಕೆಲಸ ಮಾಡಿತು.

ಆಮೇಲೆ ಆದದ್ದು

ಮೊದಲ ವರ್ಷ ಸರಿಯಾಗಲಿಲ್ಲ. ಜಲ್ಲಿಯನ್ನು ದಂಡೆಯ ಹತ್ತಿರ ಒಂದೇ ಎತ್ತರದ ಗುಡ್ಡೆಯಾಗಿ ಹಾಕಿದ್ದರು. ಹಾಗೆ ಸುರಿಯುವುದು ಟಿಪ್ಪರಿನವರಿಗೆ ಸುಲಭ. ನೆರೆ ಅದರ ಪಕ್ಕದಿಂದ ಹಾದು ಹೋಯಿತು. ಗುಡ್ಡೆಯ ಬುಡ ಮಾತ್ರ ಸ್ವಲ್ಪ ಕೊರೆದು, ಉಳಿದದ್ದು ಇಟ್ಟಲ್ಲೇ ಉಳಿಯಿತು. ಅದರ ಮೇಲೆ ಹುಲ್ಲು ಬೆಳೆಯಿತು. ಕೆಲವರು ನಕ್ಕರು. ನನಗೆ ನಿದ್ದೆ ಬರಲಿಲ್ಲ.

ಎರಡನೆಯ ವರ್ಷ ಗುಡ್ಡೆ ಮಾಡದೆ, ಹರಿವಿನ ಉದ್ದಕ್ಕೆ ತಗ್ಗಾದ ಏರಿಯಂತೆ ಹಾಸಿದೆವು, ಮೊದಲ ನೆರೆಗೇ ಪೂರಾ ಮುಳುಗುವ ಹಾಗೆ. ಅಜ್ಜ ನಿಂತು ಜಾಗ ತೋರಿಸಿದರು. ಜುಲೈ ಮುಗಿಯುವಷ್ಟರಲ್ಲಿ ಏರಿ ಇರಲಿಲ್ಲ. ಆ ಡಿಸೆಂಬರಿನಲ್ಲಿ ಸ್ನಾನಘಟ್ಟಕ್ಕೆ ಹೋದಾಗ ಅರ್ಚಕರು ಮೆಟ್ಟಿಲಿನ ಅಡಿಗೆ ಕೈ ಹಾಕಿ ತೋರಿಸಿದರು. ಮಣಿಕಟ್ಟಿನವರೆಗೆ ಮಾತ್ರ ಹೋಯಿತು. ಮೂರನೆಯ ವರ್ಷ ಕೊನೆಯ ಮೆಟ್ಟಿಲು ಜಲ್ಲಿಯ ಮೇಲೆ ಕೂತಿತು. ಕೆಳಗಿನ ಊರಿನ ಬಾವಿಗಳಲ್ಲಿ ಆ ಬೇಸಿಗೆ ನೀರು ಜಾಸ್ತಿ ದಿನ ನಿಂತಿತು. ಅದು ಇದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆ ವರ್ಷ ಏಪ್ರಿಲಿನಲ್ಲೂ ಒಳ್ಳೆಯ ಮಳೆ ಬಿದ್ದಿತ್ತು.

ಎಲ್ಲವೂ ಸರಿಹೋಗಲಿಲ್ಲ. ಸೇತುವೆಯ ಕಂಬದ ಬಳಿ ತಳ ಹಳೆಯ ಮಟ್ಟಕ್ಕೆ ಬರಲೇ ಇಲ್ಲ. ಬುಡಕ್ಕೆ ಕಾಂಕ್ರೀಟ್ ಹಾಕಿ, ಸುತ್ತ ದೊಡ್ಡ ಬಂಡೆ ಸುರಿಯಬೇಕಾಯಿತು. ಎರಡು ವಾರದ ಜೆಸಿಬಿ ಕೆಲಸ ಕೊಟ್ಟದ್ದಕ್ಕಿಂತ ಆ ಖರ್ಚು ದೊಡ್ಡದು ಎಂದು ಸೇತುವೆ ನೋಡಿದ ಯಾರಿಗಾದರೂ ತಿಳಿಯುತ್ತದೆ. ಅಣ್ಣನ ಪಟ್ಟಿ ಜಾಗದಲ್ಲಿ ಕಾಲು ಭಾಗ ಹೊಳೆಗೆ ಹೋಯಿತು. ಬಿದಿರು ಹಿಡಿದ ಕಡೆ ನಿಂತಿದೆ. ಕಿಂಡಿಯ ಹಾಸು ಇಳಿಸುವ ಕೆಲಸ ಒಂದು ಕಿಂಡಿಗೆ ಮಾತ್ರ ಆಗಿದೆ. ಆ ಕಿಂಡಿಯ ಮೂಲಕ ನಿಂಬೆ ಗಾತ್ರದ ಹಳದಿ ಕಲ್ಲುಗಳು ದಾಟಿದ್ದನ್ನು ನಾವು ಮತ್ತೆ ಬಣ್ಣ ಬಳಿದು ಇಟ್ಟು ನೋಡಿದ್ದೇವೆ.

ಇಂಥದ್ದೇ ತೊಂದರೆ ಇರುವ ಊರಿನವರು ಕೇಳಿದರೆ ನಾನು ಮೊದಲು ಹೇಳುವುದು ಸರಪಳಿಯ ಬಗ್ಗೆ. ಏನೂ ಕಟ್ಟುವ ಮೊದಲು ಒಂದು ಮಳೆಗಾಲ ಅದು ನೆಲದಲ್ಲಿರಲಿ. ಗೋಡೆಯ ಪಾಯವನ್ನು ಬೇಸಿಗೆಯ ತಳ ನೋಡಿ ನಿರ್ಧರಿಸಬೇಡಿ. ಆಮೇಲೆ ಹೊಳೆಯ ಯಾವುದೇ ಅರ್ಜಿ ಬಂದರೂ ಅದರ ಮೇಲಿನ ಊರಿನ, ಕೆಳಗಿನ ಊರಿನ ಅರ್ಜಿ ಇದೆಯಾ ಎಂದು ಕೇಳ್ರಿ. ನಾವು ಸೇತುವೆಯ ಕಂಬದಲ್ಲಿ, ಅಣೆಕಟ್ಟಿನಲ್ಲಿ, ಸ್ನಾನಘಟ್ಟದಲ್ಲಿ ಬಣ್ಣದ ಗೆರೆ ಹಾಕಿದ್ದೇವೆ. ಪ್ರತಿ ಡಿಸೆಂಬರಿನಲ್ಲಿ ಗೆರೆಯಿಂದ ತಳದವರೆಗೆ ಟೇಪ್ ಹಿಡಿದು ಪುಸ್ತಕದಲ್ಲಿ ಬರೆಯುತ್ತೇವೆ. ಇದನ್ನು ಅಣೆಕಟ್ಟು ಕಟ್ಟುವ ಮುಂಚಿನ ವರ್ಷವೇ ಶುರು ಮಾಡಿದ್ದರೆ ಗೋಡೆಯ ದುಡ್ಡೂ ಉಳಿಯುತ್ತಿತ್ತು, ಮರಗಳೂ ಉಳಿಯುತ್ತಿದ್ದವು.

ಈಗ ನಡೆಯುತ್ತಿರುವ ಜಗಳ ಹಲಗೆಯ ತಾರೀಕಿನದ್ದು. ಮೇ ಮಧ್ಯದಲ್ಲಿ ಹಲಗೆ ಎತ್ತಿದರೆ ಮಳೆ ಬರುವವರೆಗೆ ತೋಟಕ್ಕೆ ನೀರಿಲ್ಲ ಎಂದು ಮೇಲಿನವರ ಅಳಲು. ಜೂನ್‌ವರೆಗೆ ಬಿಟ್ಟರೆ ಮೊದಲ ನೆರೆಯ ಕಲ್ಲೆಲ್ಲ ಹಿಂದೆಯೇ ನಿಲ್ಲುತ್ತದೆ, ನೆರೆಯಲ್ಲಿ ಹಲಗೆ ಎತ್ತುವುದು ಜೀವಕ್ಕೂ ಅಪಾಯ. ಈ ವರ್ಷ ನಡುವಿನ ಕಿಂಡಿಗಳದ್ದು ಮೊದಲು, ಬದಿಯವು ಹತ್ತು ದಿನ ಬಿಟ್ಟು ಎಂದು ಒಪ್ಪಿದ್ದಾರೆ. ಹಲಗೆಗಳಿಗೆ ಎಣ್ಣೆ ಹಚ್ಚುವ ಕೆಲಸ ಎರಡೂ ಊರಿನ ಹುಡುಗರು ಸೇರಿ ಮಾಡುತ್ತಿದ್ದಾರೆ. ಹೊಸ ಸರಪಳಿಯನ್ನು ಬದಿಯ ಕಿಂಡಿಯ ಕೆಳಗೆ ಇಳಿಸಿದ್ದೇವೆ. ಡಿಸೆಂಬರಿನಲ್ಲಿ ಅಗೆಯಬೇಕು.